ಭಾನುವಾರ ಬಾರದ ಮಳೆ

ಕೋಲಾರ ಸೀಮೆಯ ದೈನಂದಿನ ಮಳೆಯಲ್ಲಿ ದಶಕಗಳುದ್ದಕ್ಕೂ ಏನು ಬದಲಾಗಿದೆ ಎಂದು ಲೆಕ್ಕ ಹಾಕಲು ಕುಳಿತ ನಾನು ಮೊದಲು ಎಡವಿದ್ದು ಜಿಲ್ಲೆಯ ಗಡಿಯಲ್ಲಿ. 2007ರಲ್ಲಿ ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿ ಮೊದಲಾದ ತಾಲ್ಲೂಕುಗಳು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದರಿಂದ, ‘ಕೋಲಾರ ಜಿಲ್ಲೆಯ ಸರಾಸರಿ’ ಎಂಬುದು ಆ ವರ್ಷದ ಹಿಂದೆ ಒಂದು ನೆಲದ ಮಾತಾದರೆ ಮುಂದೆ ಇನ್ನೊಂದರದು. ಹೀಗಾಗಿ ಜಿಲ್ಲಾ ಸರಾಸರಿಯನ್ನು ಬಿಟ್ಟು, ಒಂದೊಂದು ಮಳೆಮಾಪಕದ ದಾಖಲೆಯನ್ನೂ ಪ್ರತ್ಯೇಕವಾಗಿ ತೆಗೆದುಕೊಂಡೆ.

ಅತಿ ಹೆಚ್ಚು ಸಮಯ ತಿಂದದ್ದು ಖಾಲಿ ಚೌಕಗಳು. ಹಳೆಯ ರಿಜಿಸ್ಟರುಗಳಲ್ಲಿ ಮಳೆ ಬಾರದ ದಿನವೂ ಖಾಲಿ, ಯಾರೂ ಅಳೆಯದ ದಿನವೂ ಖಾಲಿ. ನಾನು ಹಿಂದುಮುಂದು ನೋಡದೆ ಎಲ್ಲಕ್ಕೂ ಸೊನ್ನೆ ತುಂಬಿದಾಗ, ಒಂದು ಕೇಂದ್ರದಲ್ಲಿ ಮಳೆ ದಿನಗಳು, ಅಂದರೆ 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾದ ದಿನಗಳು, ವರ್ಷ ಕಳೆದಂತೆ ಇಳಿಯುತ್ತಿರುವಂತೆಯೂ ಭಾರಿ ಮಳೆಯ ದಿನಗಳು ಏರುತ್ತಿರುವಂತೆಯೂ ಕಂಡಿತು. ಈಗ ಎಲ್ಲರೂ ನಿರೀಕ್ಷಿಸುವ ಫಲಿತಾಂಶವೇ ಅದಾದ್ದರಿಂದ ನನಗೂ ಹಿಗ್ಗಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಅನುಮಾನ ಬಿಡದೆ ಮಳೆ ದಿನಗಳನ್ನು ಭಾನುವಾರ, ಸೋಮವಾರ ಎಂದು ವಾರದ ದಿನಗಳ ಪ್ರಕಾರ ಎಣಿಸಿದೆ. ಮೋಡಕ್ಕೆ ರಜೆಯಿಲ್ಲ, ಆದರೂ ಆ ಕೇಂದ್ರದ ಕೊನೆಯ ಹಲವು ವರ್ಷಗಳಲ್ಲಿ ಭಾನುವಾರ ಮಳೆಯೇ ಅಪರೂಪ, ಸೋಮವಾರ ಮಾತ್ರ ಎಲ್ಲ ದಿನಗಳಿಗಿಂತ ಜೋರು. ಎರಡು ದಿನದ ನೀರನ್ನು ಸೋಮವಾರ ಬೆಳಿಗ್ಗೆ ಒಟ್ಟಿಗೆ ಅಳೆದು ಬರೆದಿದ್ದರು. ಇದರಿಂದ ವರ್ಷದ ಮೊತ್ತ ಹೆಚ್ಚೇನೂ ಕೆಡುವುದಿಲ್ಲ, ದಿನಗಳ ಲೆಕ್ಕ ಮಾತ್ರ ಪೂರಾ ಕೆಡುತ್ತದೆ. ಆ ಕೇಂದ್ರವನ್ನು ಮೊತ್ತದ ಲೆಕ್ಕಕ್ಕೆ ಉಳಿಸಿಕೊಂಡು, ಮಳೆ ದಿನಗಳ ಲೆಕ್ಕದಿಂದ ತೆಗೆದುಹಾಕಿದೆ.

ತಾರೀಖಿನದೂ ಒಂದು ತೊಡಕು. ಬೆಳಿಗ್ಗೆ 8:30ಕ್ಕೆ ಅಳೆದದ್ದನ್ನು ಆ ದಿನದ ಹೆಸರಿನಲ್ಲೇ ಬರೆಯುತ್ತಾರೆ, ಆದರೆ ನಮ್ಮಲ್ಲಿ ಮಳೆ ಹೆಚ್ಚಾಗಿ ಸಂಜೆ, ರಾತ್ರಿ ಬೀಳುವುದರಿಂದ ಅದು ಹಿಂದಿನ ದಿನದ ಮಳೆ. ನಡುರಾತ್ರಿಯಿಂದ ನಡುರಾತ್ರಿಗೆ ಎಣಿಸುವ ದತ್ತಾಂಶದೊಡನೆ ಹೋಲಿಸುವಾಗ ಇದನ್ನು ಮರೆತರೆ ಎರಡೂ ಒಂದು ದಿನ ಹಿಂದುಮುಂದಾಗುತ್ತವೆ.

ಒಂದು ದಿನದ ಮಳೆ ಮರುದಿನದ್ದಕ್ಕೆ ಅಂಟಿಕೊಂಡೇ ಇರುತ್ತದೆ. ಏರಿಕೆ ಇಳಿಕೆ ನಿಜವೋ ಆಕಸ್ಮಿಕವೋ ಎಂದು ನೋಡುವ ಮಾನ್–ಕೆಂಡಾಲ್ ಪರೀಕ್ಷೆಯಾದರೋ ಅಂಕಿಗಳು ಒಂದಕ್ಕೊಂದು ಅಂಟಿಕೊಂಡಿಲ್ಲ ಎಂದೇ ನಂಬುತ್ತದೆ. ಹಾಗಾಗಿ ಅದನ್ನು ದೈನಂದಿನ ಅಂಕಿಗಳ ಮೇಲೆ ನೇರವಾಗಿ ನಡೆಸದೆ, ಅವುಗಳಿಂದ ಪಡೆದ ವಾರ್ಷಿಕ ಮೊತ್ತ ಮತ್ತು ಮಳೆ ದಿನಗಳ ಮೇಲೆ ನಡೆಸಿದೆ. 2021ರ ನವೆಂಬರಿನ ಅಬ್ಬರದ ಮಳೆ ಸರಣಿಯ ಕೊನೆಯಲ್ಲೇ ಕುಳಿತು ಅಂಕಿಗಳಿಗೆ ಹೊಂದಿಸಿ ಎಳೆದ ಸಾಮಾನ್ಯ ಸರಳರೇಖೆಯ ತುದಿಯನ್ನು ಮೇಲಕ್ಕೆಳೆದಿತ್ತು. ಎಲ್ಲ ವರ್ಷಜೋಡಿಗಳ ಇಳಿಜಾರುಗಳ ಮಧ್ಯಾಂಕವಾದ ಸೆನ್ ಇಳಿಜಾರು ಅಷ್ಟಾಗಿ ಕದಲಲಿಲ್ಲ.

ರಾಗಿ ಬೆಳೆಯುವ ನಮ್ಮ ದೊಡ್ಡಪ್ಪನವರು ಕೇಳಿದ್ದು ಒಂದೇ ಪ್ರಶ್ನೆ: “ಹಸ್ತಾ ಮಳೆ ಕಮ್ಮಿ ಆಗೈತೇನಪ್ಪ?” ಅದಕ್ಕಾಗಿ ತಿಂಗಳುಗಳ ಬದಲು ನಕ್ಷತ್ರಗಳ ಪ್ರಕಾರ ಮತ್ತೆ ವಿಂಗಡಿಸಿದೆ. ಒಂದು ನಕ್ಷತ್ರದ ಹದಿಮೂರು–ಹದಿನಾಲ್ಕು ದಿನಗಳ ಮೊತ್ತ ವರ್ಷದಿಂದ ವರ್ಷಕ್ಕೆ ಎಷ್ಟು ಎಗರಾಡುತ್ತದೆಂದರೆ, ಹೌದು ಎನ್ನಲೂ ಇಲ್ಲ ಎನ್ನಲೂ ಪುರಾವೆ ಸಾಲಲಿಲ್ಲ. ಅವರಿಗೆ ಹಾಗೆಯೇ ಹೇಳಿದೆ.