ಕ್ಯಾಸಿನೊ ಹೋಟೆಲಿನಲ್ಲಿ ಎರಡು ರಾತ್ರಿ: ನಾನು ರೂಮು ಹಿಡಿದ ಬಗೆ

"ಜುಗಾರಿಗಾ?" ಅಂತ ಅಮ್ಮ ಕೇಳಿದರು. ಕ್ಯಾಸಿನೊ ಹೋಟೆಲಿಗೆ ಹೋಗ್ತೇನೆ ಅಂದರೆ ಉಡುಪಿಯ ಯಾವ ಮನೆಯಲ್ಲೂ ಇದೇ ಪ್ರಶ್ನೆ ಬರುತ್ತದೆ. ನನ್ನ ಕಣ್ಣಿದ್ದದ್ದು ರೂಮಿನ ಬಾಡಿಗೆ ಮೇಲೆ. ಮಳೆಗಾಲ, ವಾರದ ನಡುವಿನ ದಿನ, ಜೊತೆಗೆ ರಿಪೇರಿ ಮುಗಿಸಿ ಆಗಷ್ಟೇ ಬಾಗಿಲು ತೆರೆದ ಹೋಟೆಲು. ಮೂರೂ ಕೂಡಿ ಬಂದರೆ ಗೋವಾದಲ್ಲಿ ಬಾಡಿಗೆ ಚೆನ್ನಾಗಿ ಇಳಿಯುತ್ತದೆ. ನಮಗೆ ತಿಂಡಿ ಸೇರಿ ರಾತ್ರಿಗೆ 4,200 ರೂಪಾಯಿಗೆ ಸಿಕ್ಕಿತು.

ಉಡುಪಿಯ ಇಂದ್ರಾಳಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮಡಗಾಂವ್, ಅಲ್ಲಿಂದ ಕದಂಬ ಬಸ್ಸಿನಲ್ಲಿ ಪಣಜಿ. ಜೊತೆಗೆ ಭಾವ.

ನನ್ನದು ಟೈಲ್ಸ್ ಅಂಗಡಿ. ಹಾಗಾಗಿ 'ಹೊಸದಾಗಿ ನವೀಕರಿಸಲಾಗಿದೆ' ಅಂತ ಓದಿದ ಕೂಡಲೇ ನನಗೆ ಅನುಮಾನ ಶುರು. ಫೋಟೋದಲ್ಲಿ ಇರುವುದು ಯಾವ ಮಹಡಿ? ಬುಕ್ ಮಾಡುವ ಮೊದಲು ಫೋನ್ ಮಾಡಿ ಕೇಳಿದೆ. ನಾಲ್ಕು ಮತ್ತು ಐದನೇ ಮಹಡಿ ಮುಗಿದಿದೆ, ಎರಡರಲ್ಲಿ ಇನ್ನೂ ಕೆಲಸ ನಡೀತಿದೆ ಅಂದರು. ಹಾಗಾದರೆ ಮೂರನೆಯದು ಬೇಡವೇ ಬೇಡ, ಬೆಳಿಗ್ಗೆ ಡ್ರಿಲ್ಲಿಂಗ್ ಸದ್ದಿಗೇ ಏಳಬೇಕು. ಐದು ಕೊಡಿ ಅಂದೆ.

ಅಲ್ಲಿ ಹೋದ ಮೇಲೆ ಕೊಟ್ಟದ್ದು ನಾಲ್ಕರಲ್ಲಿ. ಬಾಗಿಲು ತೆಗೆದರೆ ಪೇಂಟಿನ ವಾಸನೆ. ಮಳೆಗಾಲದಲ್ಲಿ ಬಳಿದ ಪೇಂಟು ಒಣಗಬೇಕಲ್ಲ ಮಾರಾಯ್ರೇ! ಬ್ಯಾಗ್ ಇಡದೆ ಬಾತ್‌ರೂಮಿಗೆ ಹೋಗಿ ಒಂದು ಬಕೆಟ್ ನೀರು ಚೆಲ್ಲಿದೆ. ಭಾವ ನಕ್ಕರು. ನೀರು ಜಾಲರಿ ಕಡೆ ಹೋಗಲಿಲ್ಲ, ಬಾಗಿಲ ಕಡೆ ಬಂತು. ಟೈಲ್ಸ್ ದುಬಾರಿಯದ್ದೇ, ಮೇಸ್ತ್ರಿ ಇಳಿಜಾರು ಕೊಟ್ಟಿಲ್ಲ. ಹಳೇ ನೆಲದ ಮೇಲೇ ಹೊಸ ಟೈಲ್ಸ್ ಹಾಕುವಾಗ ಹೀಗಾಗುವುದು ಜಾಸ್ತಿ. ರಿಸೆಪ್ಶನ್‌ನ ಹುಡುಗ ಕುಮಟಾದವನು. ಮೇಲೆ ಕರೆದು ತೋರಿಸಿದೆ. "ಸರ್, ಇಷ್ಟು ದಿನ ಯಾರೂ ಹೇಳಿರಲಿಲ್ಲ" ಅಂತ ಐದನೇ ಮಹಡಿಯ ರೂಮು ಕೊಟ್ಟ. ಅಲ್ಲಿ ಹಾಸಿಗೆ ಹೊಸತು, ಮಂಚದ ಪಕ್ಕದಲ್ಲೇ ಪ್ಲಗ್. ಕಪಾಟಿನ ಹಿಂದೆ ಮಾತ್ರ ಸ್ವಲ್ಪ ಬೂಷ್ಟು, ಅದು ನಮ್ಮ ಮನೆಯಲ್ಲೂ ಇದೆ.

ರಾತ್ರಿ ಕೆಳಗಿಳಿದೆವು. 21 ವರ್ಷ ತುಂಬದವರಿಗೆ ಕ್ಯಾಸಿನೊ ಒಳಗೆ ಬಿಡುವುದಿಲ್ಲ, ಗುರುತಿನ ಚೀಟಿ ತೋರಿಸಬೇಕು. ಗೋವಾ ಕಾನೂನಿನಲ್ಲಿ ನೆಲದ ಮೇಲಿನ ಕ್ಯಾಸಿನೊಗೆ ಅವಕಾಶ ಇರುವುದು ಪಂಚತಾರಾ ಹೋಟೆಲುಗಳಲ್ಲಿ, ಅದೂ ಮೆಷಿನ್ ಆಟಕ್ಕೆ ಮಾತ್ರ. ಎದುರಿಗೆ ಕೂತು ಇಸ್ಪೀಟು ಹಂಚುವ ಟೇಬಲು ಬೇಕಾದರೆ ಮಾಂಡೋವಿ ನದಿಯ ಹಡಗಿಗೆ ಹೋಗಬೇಕು. ರೂಮಿನವರಿಗೆ ಪ್ರವೇಶ ಫ್ರೀ ಅಂತ ಕೂಪನ್ ಕೊಟ್ಟಿದ್ದರು. ಬಾಡಿಗೆ ಯಾಕೆ ಕಡಿಮೆ ಅಂತ ಆಗ ಅರ್ಥವಾಯಿತು.

"ಭಾವ, 500 ದಾಟಬೇಡಿ" ಅಂದೆ. ಅವರು ರೂಲೆಟ್ ಮೆಷಿನ್‌ನಲ್ಲಿ, ಅಂದರೆ ಚಕ್ರ ತಿರುಗಿ ಗುಂಡು ಯಾವ ಬಣ್ಣದ ಮನೆಯಲ್ಲಿ ನಿಲ್ಲುತ್ತದೆ ಅಂತ ಹಣ ಕಟ್ಟುವ ಆಟದಲ್ಲಿ, ಕೆಂಪಿಗೇ ಹಾಕುತ್ತಾ ಹೋದರು. ಅರ್ಧಕ್ಕರ್ಧ ಅವಕಾಶ ಅಂತ ಅವರ ಲೆಕ್ಕ. ಆದರೆ ಅದರಲ್ಲಿ ಒಟ್ಟು 37 ಮನೆ. ಕೆಂಪು 18, ಕಪ್ಪು 18, ಒಂದು ಸೊನ್ನೆ. ಸೊನ್ನೆ ಬಂದರೆ ಕೆಂಪಿನವರೂ ಕಪ್ಪಿನವರೂ ಸೋತ ಹಾಗೆ, ಆ ಸೊನ್ನೆಯೇ ಮಾಲೀಕನ ಸಂಪಾದನೆ. 100 ರೂಪಾಯಿ ಆಡಿದರೆ ಸರಾಸರಿ 2 ರೂಪಾಯಿ 70 ಪೈಸೆ ಅವನಿಗೆ. ಕಡಿಮೆ ಅನ್ನಿಸಬಹುದು, ಆದರೆ ಚಕ್ರ ನಿಲ್ಲುವುದೇ ಇಲ್ಲವಲ್ಲ. 20 ನಿಮಿಷದಲ್ಲಿ ಭಾವನ 500 ಮುಗಿಯಿತು. "ಇನ್ನೊಂದು 200?" ಅಂದರು. ಪರ್ಸ್ ರೂಮಿನಲ್ಲಿದೆ ಅಂದೆ. ಬೇಕಂತಲೇ ಬಿಟ್ಟು ಬಂದಿದ್ದೆ.

ಬೆಳಿಗ್ಗೆ ಹೋಟೆಲಿನ ಸಾಂಬಾರ್ ಬಾಯಿಗೆ ಹಿಡಿಸಲಿಲ್ಲ. ಹೊರಗೆ ಹೋಗಿ ಭಾಜಿ-ಪಾವ್ ತಿಂದೆವು. ಹೊರಡುವಾಗ ಕುಮಟಾದ ಹುಡುಗ ನನ್ನ ಅಂಗಡಿಯ ನಂಬರ್ ಬರೆದುಕೊಂಡ, ಎರಡನೇ ಮಹಡಿಗೆ ಇನ್ನೂ ಟೈಲ್ಸ್ ಬಂದಿಲ್ಲವಂತೆ.