ಚೈನಾಗ್ರಾಸ್ ಜೆಲ್, 9 ವೋಲ್ಟ್ ಬ್ಯಾಟರಿ: ಪಿಯು ಲ್ಯಾಬಿನಲ್ಲೇ ಎಲೆಕ್ಟ್ರೋಫೋರೆಸಿಸ್

ದ್ವಿತೀಯ ಪಿಯುಸಿಯಲ್ಲಿ ಬಯೋಟೆಕ್ನಾಲಜಿ ಪಾಠ ಬಂತೆಂದರೆ ಒಂದು ಪ್ರಶ್ನೆ ಗ್ಯಾರಂಟಿ. ಎಲೆಕ್ಟ್ರೋಫೋರೆಸಿಸ್‌ನಲ್ಲಿ, ಅಂದರೆ ಜೆಲ್ಲಿಯಂಥ ಪದರಕ್ಕೆ (ಜೆಲ್) ಕರೆಂಟ್ ಕೊಟ್ಟು ಅಣುಗಳನ್ನು ಬೇರೆ ಮಾಡುವಾಗ, ಡಿಎನ್‌ಎ ಯಾವ ಕಡೆಗೆ ಓಡುತ್ತದೆ, ಯಾಕೆ? ಮಕ್ಕಳು ನಿದ್ದೆಯಲ್ಲೂ ಉತ್ತರ ಹೇಳುತ್ತಾರೆ. ಡಿಎನ್‌ಎಗೆ ನೆಗೆಟಿವ್ ಚಾರ್ಜ್, ಅದಕ್ಕೆ ಆನೋಡ್ ಕಡೆಗೆ, ಅಂದರೆ ಪಾಸಿಟಿವ್ ತುದಿಯ ಕಡೆಗೆ. ಆದರೆ ಅವರಲ್ಲಿ ಬಹಳ ಜನ ಯಾವುದೂ ಯಾವ ಕಡೆಗೂ ಓಡಿದ್ದನ್ನು ನೋಡಿರುವುದಿಲ್ಲ. ನಮ್ಮದು ತಾಲ್ಲೂಕು ಕೇಂದ್ರದ ಕಾಲೇಜು. ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಇದೆ, ಸ್ಪಿರಿಟ್ ಲ್ಯಾಂಪ್ ಇದೆ, ಸಫ್ರನಿನ್ ಬಾಟಲಿ ಇದೆ. ಜೆಲ್ ಟ್ಯಾಂಕು, ಪವರ್ ಪ್ಯಾಕು ಇಲ್ಲ. ಹಾಗಿದ್ದರೂ ನಮ್ಮ ಮಕ್ಕಳು ಜೆಲ್ ಓಡಿಸುತ್ತಾರೆ. ಡಿಎನ್‌ಎ ಬದಲು ಅಡುಗೆಮನೆಯ ಬಣ್ಣ ಓಡಿಸುತ್ತಾರೆ. ಹೇಗೆ ಅಂತ ಬರೆಯುತ್ತೇನೆ, ನೀವೂ ಮಾಡಿ. ಎರಡು ಗಂಟೆಯ ಒಂದು ಪ್ರಾಕ್ಟಿಕಲ್‌ನಲ್ಲಿ ಮುಗಿಯಬೇಕಾದರೆ ಜೆಲ್ ಮೊದಲೇ ಮಾಡಿಟ್ಟಿರಬೇಕು. ಅಷ್ಟು ನೆನಪಿಡಿ.

ಸಾಮಾನು ತರುವುದರಿಂದ ಶುರು ಮಾಡೋಣ. ದಿನಸಿ ಅಂಗಡಿಯಲ್ಲಿ ಒಂದು ಪ್ಯಾಕೆಟ್ ಚೈನಾಗ್ರಾಸ್ (ಲ್ಯಾಬಿನವರು ಅಗರ್ ಅನ್ನುವುದು ಇದಕ್ಕೇ), ಅಡುಗೆ ಸೋಡಾ, ಮತ್ತು ಫುಡ್ ಕಲರ್. ಅಡುಗೆ ಸೋಡಾ ಎಂದರೆ ಅಡುಗೆ ಸೋಡಾನೇ. ಬೇಕಿಂಗ್ ಪೌಡರ್ ಬೇಡ, ಬಟ್ಟೆ ಸೋಡಾನೂ ಬೇಡ. ಫುಡ್ ಕಲರ್‌ನಲ್ಲಿ ಹಳದಿ, ಹಸಿರು, ಕೇಸರಿ, ಕೆಂಪು, ಹೀಗೆ ನಾಲ್ಕು ತನ್ನಿ. ತರುವಾಗ ಲೇಬಲ್ ಓದಿ. ಬಣ್ಣದ ಹೆಸರು ಅಥವಾ ನಂಬರ್ ಹಾಕಿರುತ್ತಾರೆ. 102 ಅಂದರೆ ಟಾರ್ಟ್ರಜೀನ್, ಹಳದಿ. 110 ಸನ್‌ಸೆಟ್ ಯೆಲ್ಲೋ, ಕಿತ್ತಳೆ. 122 ಕಾರ್ಮೋಯ್ಸಿನ್ ಮತ್ತು 124 ಪಾನ್ಸೋ, ಇವೆರಡೂ ಕೆಂಪು. 133 ಬ್ರಿಲಿಯಂಟ್ ಬ್ಲೂ. ಹಸಿರಿನ ಡಬ್ಬಿಯಲ್ಲಿ ಸಾಮಾನ್ಯವಾಗಿ 102 ಮತ್ತು 133 ಎರಡೂ ಇರುತ್ತವೆ. ಅಂಥದ್ದನ್ನೇ ಆರಿಸಿ. ಇಡೀ ಪ್ರಯೋಗದ ಮಜಾ ಇರುವುದು ಆ ಹಸಿರಿನಲ್ಲಿ.

ಎಲೆಕ್ಟ್ರಿಕಲ್ ಅಂಗಡಿಯಲ್ಲಿ 9 ವೋಲ್ಟಿನ ಚೌಕ ಬ್ಯಾಟರಿ ಐದು, ಮತ್ತೆ ಕೆಂಪು, ಕಪ್ಪು ಕ್ಲಿಪ್ ವೈರು. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಮೀಟರ್ ಸ್ಟೇನ್‌ಲೆಸ್ ಸ್ಟೀಲ್ ತಂತಿ. ತಾಮ್ರದ ತಂತಿ ಲ್ಯಾಬಿನಲ್ಲೇ ಬಿದ್ದಿರುತ್ತದೆ, ಆದರೆ ಅದು ಆಗುವುದಿಲ್ಲ. ಪಾಸಿಟಿವ್ ಕಡೆಯ ತಾಮ್ರ ಕರಗಿ ನೀರಿಗಿಳಿಯುತ್ತದೆ, ನೀರು ನೀಲಿ ಹಸಿರಾಗುತ್ತದೆ. ಆಮೇಲೆ ಬಣ್ಣ ನಮ್ಮದೋ ತಂತಿಯದ್ದೋ ಗೊತ್ತಾಗಲ್ಲ. ಸ್ಟೀಲ್ ಕೂಡ ಬರಬರುತ್ತಾ ಕಂದಾಗುತ್ತದೆ, ಆಗ ಬದಲಾಯಿಸಿದರೆ ಆಯಿತು. ದೊಡ್ಡ ಲ್ಯಾಬಿನ ಟ್ಯಾಂಕುಗಳಲ್ಲಿ ಪ್ಲಾಟಿನಮ್ ತಂತಿ ಹಾಕಿರುವುದು ಇದೇ ಕಾರಣಕ್ಕೆ.

ಇನ್ನು ಪೆಟ್ಟಿಗೆ. ಒಂದು ಉದ್ದನೆಯ ಪ್ಲಾಸ್ಟಿಕ್ ಡಬ್ಬಿ ಸಾಕು, ಹದಿನೈದು ಸೆಂಟಿಮೀಟರ್ ಉದ್ದ ಇದ್ದರೆ ಒಳ್ಳೆಯದು. ತಳ ಸಪಾಟಾಗಿರಬೇಕು. ಬಾಚಣಿಗೆಗೆ, ಅಂದರೆ ಜೆಲ್‌ನಲ್ಲಿ ಗುಳಿ ಮಾಡುವ ಕೋಂಬ್‌ಗೆ, ಹಳೆಯ ಎಟಿಎಂ ಕಾರ್ಡೋ ಸಿಮ್ ಕಾರ್ಡಿನ ಚೌಕಟ್ಟೋ ತಗೊಂಡು ಹಲ್ಲು ಹಲ್ಲಾಗಿ ಕತ್ತರಿಸಿ. ಒಂದೊಂದು ಹಲ್ಲು ಅರ್ಧ ಸೆಂಟಿಮೀಟರ್ ಅಗಲ ಇರಲಿ. ಮೇಲೆ ಒಂದು ಐಸ್‌ಕ್ರೀಂ ಕಡ್ಡಿ ಅಂಟಿಸಿದರೆ ಡಬ್ಬಿಯ ಅಂಚಿನ ಮೇಲೆ ಕೂರುತ್ತದೆ. ಹಲ್ಲಿನ ತುದಿ ತಳಕ್ಕೆ ತಾಗಬಾರದು, ಒಂದೆರಡು ಮಿಲಿಮೀಟರ್ ಮೇಲಿರಬೇಕು. ತಾಗಿದರೆ ಗುಳಿಗೆ ತಳವೇ ಇರುವುದಿಲ್ಲ, ಬಣ್ಣ ಜೆಲ್ ಕೆಳಗೆ ಸೋರುತ್ತದೆ.

ನೀರಿನ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಎಲ್ಲರೂ ಇದನ್ನೇ ಹಗುರವಾಗಿ ತಗೊಳ್ಳುವುದು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಆಗಲೇ ಬೇಕಾದಷ್ಟು ಉಪ್ಪಿನಂಶ ಇರುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತರಿಸಿ. ಒಂದು ಲೀಟರಿಗೆ 2 ಗ್ರಾಂ ಅಡುಗೆ ಸೋಡಾ ಕರಗಿಸಿ. ಇದೇ ನಮ್ಮ ಬಫರ್. ಕರೆಂಟ್ ಹರಿಯುವುದಕ್ಕೆ ನೀರಿನಲ್ಲಿ ಅಯಾನುಗಳು ಬೇಕು, ಆದರೆ ಜಾಸ್ತಿ ಆದರೆ ಕರೆಂಟೂ ಜಾಸ್ತಿ, ಬಿಸಿಯೂ ಜಾಸ್ತಿ, ಬ್ಯಾಟರಿ ಬೇಗ ಖಾಲಿ. "ಸೋಡಾ ಯಾಕೆ, ಅಡುಗೆ ಉಪ್ಪೇ ಹಾಕೋಣ" ಅಂತ ಯಾರಾದರೂ ಒಬ್ಬ ಬುದ್ಧಿವಂತ ಕೇಳೇ ಕೇಳುತ್ತಾನೆ. ಹಾಕಬೇಡಿ. ಉಪ್ಪಿನ ನೀರಿಗೆ ಕರೆಂಟ್ ಕೊಟ್ಟರೆ ಪಾಸಿಟಿವ್ ತಂತಿಯ ಹತ್ತಿರ ಕ್ಲೋರಿನ್ ಬರುತ್ತದೆ. ಅದು ವಿಷದ ಗಾಳಿ, ಜೊತೆಗೆ ಬಣ್ಣಗಳನ್ನೂ ಬಿಳಿಚಿಸುತ್ತದೆ. ಅವನನ್ನು ಕೆಮಿಸ್ಟ್ರಿ ಮೇಷ್ಟ್ರ ಹತ್ತಿರ ಕಳಿಸಿ, ಸಮೀಕರಣ ಬರೆದುಕೊಂಡು ಬರಲಿ.

ಈಗ ಜೆಲ್. 100 ಮಿಲಿಲೀಟರ್ ಬಫರ್‌ಗೆ 1 ಗ್ರಾಂ ಚೈನಾಗ್ರಾಸ್. ಎಳೆಗಳನ್ನು ಸಣ್ಣಗೆ ಕತ್ತರಿಸಿ ಅರ್ಧ ಗಂಟೆ ನೆನೆಹಾಕಿ. ಬರೀ ನೀರಿನಲ್ಲಿ ಮಾಡಬೇಡಿ, ಜೆಲ್ ಒಳಗೂ ಅದೇ ಬಫರ್ ಇರಬೇಕು. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕುದಿಸಿ, ಎಳೆ ಒಂದೂ ಕಾಣದಂತೆ ಕರಗಬೇಕು. ಆಮೇಲೆ ಟೀ ಸೋಸುವ ಜಾಲರಿಯಲ್ಲಿ ಸೋಸಿ. ಪಾತ್ರೆಯನ್ನು ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ ಡಬ್ಬಿಗೆ ಹುಯ್ಯಿರಿ. ಕುದಿಯುವುದನ್ನೇ ಸುರಿದರೆ ಡಬ್ಬಿ ಸೊಟ್ಟಗಾಗುತ್ತದೆ. ತುಂಬಾ ಹೊತ್ತು ಬಿಟ್ಟರೂ ಕಷ್ಟ, 40 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗಿಬಿಡುತ್ತದೆ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಲು 85 ಡಿಗ್ರಿ ದಾಟಬೇಕು. ಈ ವಿಚಿತ್ರ ಗುಣ ಇರುವುದಕ್ಕೇ ಕೆಂಪು ಕಡಲಪಾಚಿಯಿಂದ ತೆಗೆದ ಈ ವಸ್ತು ಲ್ಯಾಬುಗಳಲ್ಲಿ ಇಷ್ಟು ಕೆಲಸಕ್ಕೆ ಬಂದಿರುವುದು. ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಅಗರ್ ಹಾಕಬಹುದು ಎಂದು 1881ರಲ್ಲಿ ಸೂಚಿಸಿದವರು ಫ್ಯಾನಿ ಹೆಸ್ಸೆ. ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಕ್‌ನ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿಯೊಬ್ಬರ ಹೆಂಡತಿ. ಜೆಲ್ಲಿ ಮಾಡುವಾಗ ಅವರು ಅಗರ್ ಬಳಸುತ್ತಿದ್ದರಂತೆ. ಅಡುಗೆಮನೆಯಿಂದಲೇ ಲ್ಯಾಬಿಗೆ ಹೋದ ಸಾಮಾನು ಇದು, ನಾವೇನೂ ಹೊಸದು ಮಾಡುತ್ತಿಲ್ಲ ಅಲ್ವಾ?

ಜೆಲ್ ಒಂದು ಸೆಂಟಿಮೀಟರಿಗಿಂತ ಕಡಿಮೆ ದಪ್ಪ ಇರಲಿ. ಗುಳ್ಳೆ ಕಂಡರೆ ಗುಂಡುಸೂಜಿಯಿಂದ ಚುಚ್ಚಿ. ಬಾಚಣಿಗೆಯನ್ನು ಒಂದು ತುದಿಯ ಹತ್ತಿರ, ಅಂಚಿನಿಂದ ನಾಲ್ಕು ಸೆಂಟಿಮೀಟರ್ ಒಳಗೆ ನಿಲ್ಲಿಸಿ, ಅರ್ಧ ಗಂಟೆ ಅಲ್ಲಾಡಿಸದೆ ಬಿಡಿ. ಗಟ್ಟಿಯಾದ ಮೇಲೆ ಎರಡೂ ತುದಿಯಲ್ಲಿ ಎರಡು ಬೆರಳಗಲ ಜೆಲ್ ಅನ್ನು ಚಾಕುವಿನಿಂದ ನೇರವಾಗಿ ಕತ್ತರಿಸಿ ತೆಗೆದುಬಿಡಿ. ಆ ಎರಡು ಖಾಲಿ ಜಾಗವೇ ಬಫರ್ ತೊಟ್ಟಿ. ಅಲ್ಲಿ ಒಂದೊಂದು ಸ್ಟೀಲ್ ತಂತಿಯನ್ನು ಅಡ್ಡಲಾಗಿ ಇಟ್ಟು, ಒಂದು ಕೊನೆಯನ್ನು ಡಬ್ಬಿಯ ಹೊರಗೆ ಬಗ್ಗಿಸಿ. ಜೆಲ್ ಮೇಲೆ ಎರಡು ಮೂರು ಮಿಲಿಮೀಟರ್ ನಿಲ್ಲುವಷ್ಟು ಬಫರ್ ಹುಯ್ಯಿರಿ. ಬಾಚಣಿಗೆ ಕೀಳುವುದು ಇದಾದ ಮೇಲೆ. ಬಫರ್ ಒಳಗಿದ್ದಾಗ ಮೆಲ್ಲಗೆ ನೇರ ಮೇಲಕ್ಕೆ ಎತ್ತಿದರೆ ಗುಳಿ ಹರಿಯುವುದಿಲ್ಲ.

ಬಣ್ಣ ತುಂಬಲು ಮೈಕ್ರೋಪಿಪೆಟ್ ಬೇಕಾಗಿಲ್ಲ. ಮೆಡಿಕಲ್ ಶಾಪಿನಲ್ಲಿ ಯು-100 ಇನ್ಸುಲಿನ್ ಸಿರಿಂಜ್ ಸಿಗುತ್ತದೆ. ಅದರಲ್ಲಿ 100 ಯೂನಿಟ್ ಅಂದರೆ 1 ಮಿಲಿಲೀಟರ್. ಹಾಗಾದರೆ 1 ಯೂನಿಟ್ 10 ಮೈಕ್ರೋಲೀಟರ್ ಆಯಿತು. ಯು-40 ತಂದರೆ ಲೆಕ್ಕ ಬೇರೆ, ಒಂದು ಯೂನಿಟ್ 25 ಮೈಕ್ರೋಲೀಟರ್. ಸೂಜಿಯ ಮೊನೆಯನ್ನು ಮಕ್ಕಳ ಕೈಗೆ ಕೊಡುವ ಮೊದಲು ನೀವೇ ಸ್ಯಾಂಡ್‌ಪೇಪರ್‌ಗೆ ಉಜ್ಜಿ ಮೊಂಡು ಮಾಡಿ. ಒಂದು ಚಿಟಿಕೆ ಬಣ್ಣವನ್ನು ಒಂದು ಚಮಚ ಬಫರ್‌ನಲ್ಲಿ ಕರಗಿಸಿ, ಅದಕ್ಕೆ ನಾಲ್ಕೈದು ಹನಿ ಗ್ಲಿಸರಿನ್ ಸೇರಿಸಿ. ಸಕ್ಕರೆ ಪಾಕವೂ ಆಗುತ್ತದೆ. ಈ ತೂಕ ಇಲ್ಲದಿದ್ದರೆ ಬಣ್ಣ ಗುಳಿಯಲ್ಲಿ ಕೂರುವುದೇ ಇಲ್ಲ, ಮೇಲೆದ್ದು ಬಫರ್‌ನಲ್ಲಿ ಹರಡುತ್ತದೆ. ಸೂಜಿಯನ್ನು ಗುಳಿಯ ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಒತ್ತಿ. ಒಳಗೆ ತೂರಿಸಬೇಡಿ, ತಳ ತೂತಾಗುತ್ತದೆ. ಬಣ್ಣ ತಾನಾಗಿ ಇಳಿಯುತ್ತದೆ. ಒಂದೊಂದು ಗುಳಿಗೆ 10 ಮೈಕ್ರೋಲೀಟರ್ ಸಾಕು. ಮೊಣಕೈ ಎರಡನ್ನೂ ಮೇಜಿಗೆ ಊರಲು ಹೇಳಿ, ನಡುಕ ನಿಲ್ಲುತ್ತದೆ. ಇದೊಂದು ಕೈಚಳಕ ಬಂದರೆ ಮುಂದೆ ಯಾವ ಸಂಶೋಧನಾ ಲ್ಯಾಬಿಗೆ ಹೋದರೂ ಅವರಿಗೆ ಮೊದಲ ದಿನದ ಮುಜುಗರ ಇರುವುದಿಲ್ಲ.

ಬ್ಯಾಟರಿಗಳನ್ನು ಒಂದರ ಪಾಸಿಟಿವ್ ಇನ್ನೊಂದರ ನೆಗೆಟಿವ್‌ಗೆ ಬರುವಂತೆ ಒತ್ತಿ ಜೋಡಿಸಿ. ಐದು ಸೇರಿದರೆ 45 ವೋಲ್ಟ್. ಉಳಿಯುವ ಎರಡು ತುದಿ ಯಾವತ್ತೂ ಒಂದಕ್ಕೊಂದು ತಾಗಬಾರದು, ಶಾರ್ಟ್ ಆಗಿ ಸುಡುತ್ತದೆ. ಕಪ್ಪು ಕ್ಲಿಪ್ ಗುಳಿಗಳ ಕಡೆಯ ತಂತಿಗೆ, ಕೆಂಪು ಕ್ಲಿಪ್ ದೂರದ ತಂತಿಗೆ. ಕರೆಂಟ್ ಕೊಟ್ಟ ಮೇಲೆ ಬಫರ್‌ಗೆ ಬೆರಳು ಹಾಕುವ ಹಾಗಿಲ್ಲ. ಫಿಸಿಕ್ಸ್ ಲ್ಯಾಬಿನಲ್ಲಿ 30 ವೋಲ್ಟ್ ಡಿಸಿ ಸಪ್ಲೈ ಇದ್ದರೆ ಅದನ್ನೂ ಬಳಸಬಹುದು, ಸ್ವಲ್ಪ ನಿಧಾನ ಅಷ್ಟೇ. ಗೋಡೆಯ ಪ್ಲಗ್ಗಿನಿಂದ ನೇರವಾಗಿ ಕರೆಂಟ್ ಕೊಡುವ ಯೋಚನೆಯನ್ನು ಯಾರೂ ಮಾಡಬಾರದು.

ಕ್ಲಿಪ್ ಹಾಕಿದ ಕೂಡಲೇ ತಂತಿಗಳಿಂದ ಗುಳ್ಳೆ ಏಳಬೇಕು. ಗುಳ್ಳೆ ಇಲ್ಲ ಅಂದರೆ ಕರೆಂಟ್ ಇಲ್ಲ, ಬೇರೆ ಕಾರಣ ಹುಡುಕಬೇಡಿ. ನೆಗೆಟಿವ್ ಕಡೆ ಗುಳ್ಳೆ ಜಾಸ್ತಿ ಇರುವುದನ್ನು ಗಮನಿಸಲು ಹೇಳಿ. ಅಲ್ಲಿ ಹೈಡ್ರೋಜನ್, ಇಲ್ಲಿ ಆಕ್ಸಿಜನ್, ಎರಡಕ್ಕೆ ಒಂದರ ಲೆಕ್ಕ. ಹತ್ತು ನಿಮಿಷದಲ್ಲಿ ಬಣ್ಣ ಗುಳಿಯಿಂದ ಹೊರಗೆ ಬಂದಿರುತ್ತದೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಹೊತ್ತಿಗೆ ಹಸಿರು ಒಡೆದು ಮುಂದೆ ಹಳದಿ, ಹಿಂದೆ ನೀಲಿ ಆಗಿರುತ್ತದೆ. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರೂ ಎದ್ದು ಬರುವುದು ಆಗ.

ಇಲ್ಲೇ ಒಂದು ಎಚ್ಚರಿಕೆ. ಹಳದಿ ಚಿಕ್ಕದು, ನೀಲಿ ದೊಡ್ಡದು, ಅದಕ್ಕೇ ಹಳದಿ ಮುಂದೆ ಅಂತ ಹೇಳಿ ಮುಗಿಸಲು ಆಸೆಯಾಗುತ್ತದೆ. ಟಾರ್ಟ್ರಜೀನ್‌ನ ಅಣುತೂಕ 534, ಬ್ರಿಲಿಯಂಟ್ ಬ್ಲೂ 793, ಮಾತು ಹೊಂದುತ್ತದೆ ಕೂಡ. ಆದರೆ ಪಕ್ಕದ ಗುಳಿಯ ಸನ್‌ಸೆಟ್ ಯೆಲ್ಲೋ ನೋಡಿ. ಅದರ ತೂಕ 452, ಟಾರ್ಟ್ರಜೀನ್‌ಗಿಂತ ಹಗುರ. ಆದರೂ ಅದು ಟಾರ್ಟ್ರಜೀನ್‌ನ ಹಿಂದೆಯೇ ಬರುತ್ತದೆ. ಯಾಕೆಂದರೆ ಟಾರ್ಟ್ರಜೀನ್‌ಗೆ ಮೂರು ನೆಗೆಟಿವ್ ಚಾರ್ಜ್, ಸನ್‌ಸೆಟ್ ಯೆಲ್ಲೋಗೆ ಎರಡು. ಈ ಬಣ್ಣದ ಅಣುಗಳೆಲ್ಲ ಜೆಲ್‌ನ ರಂಧ್ರಕ್ಕೆ ಹೋಲಿಸಿದರೆ ಪುಟಾಣಿಗಳು, ಜೆಲ್ ಅವುಗಳನ್ನು ಅಷ್ಟಾಗಿ ತಡೆಯುವುದೇ ಇಲ್ಲ. ಇಲ್ಲಿ ಓಟ ನಿರ್ಧರಿಸುವುದರಲ್ಲಿ ಚಾರ್ಜ್‌ನದ್ದೇ ದೊಡ್ಡ ಪಾಲು.

ಡಿಎನ್‌ಎ ಕಥೆ ಬೇರೆ. ಅದರ ಪ್ರತಿ ನ್ಯೂಕ್ಲಿಯೊಟೈಡ್‌ಗೂ ಒಂದು ಫಾಸ್ಫೇಟ್, ಒಂದು ನೆಗೆಟಿವ್ ಚಾರ್ಜ್. ಉದ್ದ ಎರಡು ಪಟ್ಟಾದರೆ ಚಾರ್ಜೂ ಎರಡು ಪಟ್ಟು, ಎಳೆದುಕೊಂಡು ಹೋಗಬೇಕಾದ ಭಾರವೂ ಎರಡು ಪಟ್ಟು. ಹಾಗಾಗಿ ಬರೀ ನೀರಿನಲ್ಲಿ ಬಿಟ್ಟರೆ ಉದ್ದದ್ದೂ ಗಿಡ್ಡದ್ದೂ ಹೆಚ್ಚುಕಡಿಮೆ ಒಂದೇ ವೇಗ. ಜೆಲ್ ಅಡ್ಡ ಬಂದಾಗಲೇ ವ್ಯತ್ಯಾಸ. ಜಾತ್ರೆಯ ಗದ್ದಲದಲ್ಲಿ ಚಿಕ್ಕ ಹುಡುಗ ನುಸುಳಿ ಮುಂದೆ ಹೋಗುತ್ತಾನೆ, ಕೈಕೈ ಹಿಡಿದ ಹತ್ತು ಜನರ ಸಾಲು ಹಿಂದೆ ಉಳಿಯುತ್ತದೆ, ಹಾಗೆ. ಬಣ್ಣದ ಪ್ರಯೋಗ ದಿಕ್ಕು ತೋರಿಸುತ್ತದೆ, ಕೈ ಪಳಗಿಸುತ್ತದೆ. ಉದ್ದದ ಪ್ರಕಾರ ಬೇರೆಯಾಗುವುದನ್ನು ಇದು ತೋರಿಸಿತು ಅಂತ ದಯವಿಟ್ಟು ರೆಕಾರ್ಡ್ ಬುಕ್ಕಿನಲ್ಲಿ ಬರೆಸಬೇಡಿ. ಬರೆಸಿದ್ದನ್ನು ನಾನು ನೋಡಿದ್ದೇನೆ.

ದಿಕ್ಕನ್ನು ಇನ್ನೂ ಚೆನ್ನಾಗಿ ತೋರಿಸಬೇಕೆಂದರೆ ಬಾಚಣಿಗೆಯನ್ನು ಜೆಲ್‌ನ ನಡುವೆ ನಿಲ್ಲಿಸಿ ಇನ್ನೊಂದು ಜೆಲ್ ಮಾಡಿ. ಒಂದು ಗುಳಿಗೆ ಫುಡ್ ಕಲರ್, ಪಕ್ಕದ್ದಕ್ಕೆ ಕಾಂಡದ ಸೆಕ್ಷನ್‌ಗೆ ಹಾಕುವ ಸಫ್ರನಿನ್, ಇನ್ನೊಂದಕ್ಕೆ ಮೆಥಿಲೀನ್ ಬ್ಲೂ. ಇವೆರಡಕ್ಕೆ ಪಾಸಿಟಿವ್ ಚಾರ್ಜ್, ಉಲ್ಟಾ ಓಡುತ್ತವೆ. ಚೈನಾಗ್ರಾಸ್‌ನಲ್ಲಿ ಸಲ್ಫೇಟ್ ಗುಂಪುಗಳಿರುವುದರಿಂದ ಇವು ಅಲ್ಲಲ್ಲಿ ಅಂಟಿಕೊಂಡು ಉದ್ದಕ್ಕೆ ಕಲೆ ಎಳೆಯುತ್ತವೆ, ಗೆರೆ ನೀಟಾಗಿ ಬರುವುದಿಲ್ಲ. ಪರವಾಗಿಲ್ಲ, ದಿಕ್ಕು ಗೊತ್ತಾದರೆ ಸಾಕು. ಆ ಸಲ್ಫೇಟ್ ಇರುವ ಭಾಗವನ್ನು ಬಹುಮಟ್ಟಿಗೆ ತೆಗೆದುಹಾಕಿದ ಅಗರ್‌ನ ಹೆಸರೇ ಅಗರೋಸ್. ಅದರ ಬೆಲೆ ಯಾಕೆ ಅಷ್ಟು ಅಂತ ಮಕ್ಕಳಿಗೆ ಈಗ ಅರ್ಥವಾಗುತ್ತದೆ.

ಓಟ ಮುಗಿದ ಕೂಡಲೇ ಕ್ಲಿಪ್ ತೆಗೆದು, ಬಿಳಿ ಪರದೆ ಹಾಕಿದ ಮೊಬೈಲನ್ನು ಡಬ್ಬಿಯ ಕೆಳಗಿಟ್ಟು ಇನ್ನೊಂದರಿಂದ ಫೋಟೋ ತೆಗೆಯಿರಿ. ತಡ ಮಾಡಿದರೆ ಬಣ್ಣ ಸುತ್ತ ಹರಡಿ ಗೆರೆ ಮಸುಕಾಗುತ್ತದೆ. ಗುಳಿಯ ಮುಂದಿನ ಅಂಚಿನಿಂದ ಬಣ್ಣದ ನಡುವಿನವರೆಗೆ ಸ್ಕೇಲಿನಲ್ಲಿ ಅಳೆಯಲಿ. ಬಳಸಿದ ಬಫರ್ ಚೆಲ್ಲಿಬಿಡಿ, ಜೆಲ್ ಕಸಕ್ಕೆ. ತಿನ್ನುವ ಸಾಮಾನಿನಿಂದಲೇ ಮಾಡಿದ್ದರೂ ಇದನ್ನು ಯಾರೂ ಬಾಯಿಗೆ ಹಾಕಬಾರದು, ಸ್ಟೀಲ್ ತಂತಿಯ ಲೋಹ ಇಳಿದಿರುತ್ತದೆ.

ಮಕ್ಕಳು ಮುಂದೆ ಕೇಳುವುದು ಗೊತ್ತೇ ಇದೆ. ಪಾಲಕ್ ಸೊಪ್ಪಿನಿಂದ ತೆಗೆದ ಡಿಎನ್‌ಎಯನ್ನು ಇದರಲ್ಲಿ ಓಡಿಸಬಹುದಾ? ಸುಮ್ನೆ ಶ್ರಮ. ತಣ್ಣನೆಯ ಆಲ್ಕೋಹಾಲ್‌ನಲ್ಲಿ ಎದ್ದು ಬರುವ ಆ ಬಿಳಿ ಎಳೆಯಲ್ಲಿ ಆರ್‌ಎನ್‌ಎ, ಪ್ರೋಟೀನ್ ಎಲ್ಲ ಕಲಸಿರುತ್ತದೆ. ಡಿಎನ್‌ಎ ತುಂಡಾಗಿಯೂ ಇರುವುದಿಲ್ಲ. ಬಣ್ಣ ಹಾಕದೆ ಕಾಣುವುದೂ ಇಲ್ಲ. ಪಠ್ಯದಲ್ಲಿರುವ ಎಥಿಡಿಯಂ ಬ್ರೋಮೈಡ್ ಡಿಎನ್‌ಎ ಮೆಟ್ಟಿಲುಗಳ ನಡುವೆ ತೂರಿಕೊಳ್ಳುವ ರಾಸಾಯನಿಕ, ಅದನ್ನು ಪಿಯು ಲ್ಯಾಬಿಗೆ ತರಲೇಬೇಡಿ. ನಿಜವಾದ ಡಿಎನ್‌ಎ ಬೇಕೆಂದರೆ ಹತ್ತಿರದ ಡಿಗ್ರಿ ಕಾಲೇಜಿನ ಬಯೋಟೆಕ್ ವಿಭಾಗದ ಜೊತೆ ಮಾತಾಡಿ ಒಂದು ಮಧ್ಯಾಹ್ನ ಕರೆದುಕೊಂಡು ಹೋಗಿ. ಚಳ್ಳಕೆರೆ ಹತ್ತಿರದ ಐಐಎಸ್‌ಸಿ ಕ್ಯಾಂಪಸ್‌ನಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ, ಅದಕ್ಕೂ ಅರ್ಜಿ ಹಾಕಿ.

ಡಿಗ್ರಿ ಕಾಲೇಜಿಗೆ ಹೋದಾಗ ಲ್ಯಾಂಬ್ಡಾ ಎಂಬ ವೈರಸ್‌ನ ಡಿಎನ್‌ಎಯನ್ನು ಹಿಂಡ್ 3 ಎಂಜೈಮ್‌ನಿಂದ ಕತ್ತರಿಸಿದ್ದನ್ನೇ ಓಡಿಸಲು ಕೇಳಿಕೊಳ್ಳಿ. ಎಂಟು ತುಂಡು ಬರುತ್ತವೆ: 23,130, 9,416, 6,557, 4,361, 2,322, 2,027, 564, 125 ಬೇಸ್ ಜೋಡಿ. ಕೂಡಿಸಿದರೆ 48,502, ಅದೇ ಲ್ಯಾಂಬ್ಡಾದ ಪೂರ್ತಿ ಉದ್ದ. ಓಡಿಸುವ ಮೊದಲು 65 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿ ಐಸ್‌ನಲ್ಲಿಡಬೇಕು. ಇಲ್ಲದಿದ್ದರೆ 23,130 ಮತ್ತು 4,361ರ ತುಂಡುಗಳು ತಮ್ಮ ಅಂಟು ತುದಿಗಳಿಂದ ಒಂದಕ್ಕೊಂದು ಹಿಡಿದುಕೊಂಡು ಒಂದೇ ಆಗಿ ಓಡುತ್ತವೆ. ಫೋಟೋ ಪ್ರಿಂಟ್ ಹಾಕಿಸಿ ಮಕ್ಕಳಿಗೆ ಹಂಚಿ. ಕಾಣುವುದು ಎಂಟರಲ್ಲಿ ಆರೋ ಏಳೋ ಗೆರೆ. 564ರದ್ದು ತೀರಾ ಮಸುಕು, 125ರದ್ದು ಸಾಮಾನ್ಯವಾಗಿ ಕಾಣುವುದೇ ಇಲ್ಲ. ತುಂಡುಗಳ ಸಂಖ್ಯೆ ಎಲ್ಲದರದ್ದೂ ಒಂದೇ ಆಗಿದ್ದರೂ ಹೀಗೇಕೆ ಎಂಬುದನ್ನು ಹೋಂವರ್ಕ್ ಕೊಡಿ. ಗಿಡ್ಡ ತುಂಡಿಗೆ ಅಂಟುವ ಬಣ್ಣವೂ ಕಡಿಮೆ ಎನ್ನುವಷ್ಟು ಸುಳಿವು ಸಾಕು. ಜೊತೆಗೆ ಸೆಮಿಲಾಗ್ ಗ್ರಾಫ್ ಹಾಳೆಯಲ್ಲಿ, ಅಂದರೆ ಒಂದು ಅಕ್ಷದಲ್ಲಿ ಮಾತ್ರ ಲಾಗ್ ಅಳತೆ ಇರುವ ಹಾಳೆಯಲ್ಲಿ, ಓಡಿದ ದೂರಕ್ಕೆ ಎದುರಾಗಿ ತುಂಡಿನ ಉದ್ದ ಗುರುತು ಮಾಡಲು ಹೇಳಿ. ನಡುವಿನ ಬಿಂದುಗಳು ಹೆಚ್ಚುಕಡಿಮೆ ಒಂದು ಗೆರೆಯಲ್ಲಿ ಬರುತ್ತವೆ, 23,130ರದ್ದು ಮಾತ್ರ ಗೆರೆ ಬಿಟ್ಟು ಆಚೆ ನಿಲ್ಲುತ್ತದೆ. ರಬ್ಬರಿನಲ್ಲಿ ಅಳಿಸಿ ಅದನ್ನು ಗೆರೆಗೆ ತಂದು ಕೂರಿಸಿದವರಿಗೆ ಮಾರ್ಕ್ಸ್ ಕೊಡಬೇಡಿ.