ಗೇರುಹಣ್ಣಿನ ವಿನೆಗರ್: ಮನೆಯಲ್ಲೇ ಹುದುಗಿಸಿ ಬಾಟಲಿ ತುಂಬುವ ಕ್ರಮ

ಮಾರ್ಚ್‌ನಿಂದ ಮೇ ತನಕ ಅಂಕೋಲಾ, ಕುಮಟಾ, ಹೊನ್ನಾವರದ ಗೇರು ಹಕ್ಕಲುಗಳಲ್ಲಿ ಬೀಜ ತಿರುಪಿಕೊಂಡ ಮೇಲೆ ಹಣ್ಣು ಮರದ ಬುಡದಲ್ಲೇ ಕೊಳೆಯುತ್ತದೆ. ಬೀಜಕ್ಕಿಂತ ಎಷ್ಟೋ ಪಟ್ಟು ತೂಕದ ಹಣ್ಣು ಹೀಗೆ ಹಾಳಾಗುವುದು ನಿಜಕ್ಕೂ ಹೊಟ್ಟೆ ಉರಿಸುವ ಸಂಗತಿ. ಕಾರವಾರದ ಆಚೆ ಗೋವೆಯಲ್ಲಿ ಇದೇ ಹಣ್ಣು ಫೆನಿಯಾಗುತ್ತದೆ. 2009ರಲ್ಲಿ ಅದಕ್ಕೆ ಭೌಗೋಳಿಕ ಸೂಚಕವೂ ಸಿಕ್ಕಿದೆ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಇಲ್ಲಿ ಹೇಳುವುದು ಮನೆಯ ಅಡುಗೆಗೆ ಬೇಕಾದಷ್ಟು ವಿನೆಗರ್ ಮಾಡುವ ಕ್ರಮ. ರಸ ನಡುವೆ ಆಲ್ಕೋಹಾಲ್ ಆಗಿಯೇ ಮುಂದೆ ಹೋಗಬೇಕಾದ್ದರಿಂದ, ಮಾರಾಟದ ಲೆಕ್ಕದಲ್ಲಿ ದೊಡ್ಡದಾಗಿ ಮಾಡುವವರು ಅಬಕಾರಿ ಇಲಾಖೆಯನ್ನು ಮೊದಲೇ ಕೇಳಿಕೊಳ್ಳಬೇಕು.

ಸೇಬಿನ ಸೈಡರ್ ವಿನೆಗರ್ ಆಗುವ ದಾರಿಯೇ ಇದರದ್ದೂ. ಮೊದಲು ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ, ಆಮೇಲೆ ಅಸಿಟಿಕ್ ಬ್ಯಾಕ್ಟೀರಿಯಾ ಆ ಆಲ್ಕೋಹಾಲನ್ನು ಹುಳಿ ಮಾಡುತ್ತದೆ. ಮೊದಲ ಹಂತದಲ್ಲಿ ಗಾಳಿ ಸೋಕಬಾರದು, ಎರಡನೆಯದರಲ್ಲಿ ಗಾಳಿ ಬೇಕೇ ಬೇಕು, ಬಾಟಲಿಗೆ ಹೋದ ಮೇಲೆ ಮತ್ತೆ ಕೂಡದು. ಕೆಟ್ಟುಹೋಗುವ ವಿನೆಗರ್ ಬಹುಪಾಲು ಗಾಳಿಯ ಲೆಕ್ಕ ತಪ್ಪಿಯೇ ಕೆಡುತ್ತದೆ.

ಹಣ್ಣು ಆಯುವುದು ಬೆಳಿಗ್ಗೆಯೇ ಆಗಬೇಕು. ಗೇರುಹಣ್ಣು ಒಂದು ದಿನ ಇಟ್ಟರೆ ಸಾಕು, ತಾನಾಗಿ ಹುಳಿಯಲು ಶುರು. ಅಂದು ಬಿದ್ದ, ಸಿಪ್ಪೆ ಒಡೆಯದ ಹಣ್ಣನ್ನಷ್ಟೇ ತೆಗೆದುಕೊಳ್ಳಿ. ಇರುವೆ ಕೊರೆದದ್ದು, ಮೆತ್ತಗಾದದ್ದು ದನಕ್ಕೆ. ಬೀಜವನ್ನು ಕೈಯಿಂದ ತಿರುಪಿ ತೆಗೆಯಿರಿ, ಕತ್ತಿ ಹಾಕಬೇಡಿ. ಬೀಜದ ಸಿಪ್ಪೆಗೆ ಗಾಯವಾದರೆ ಒಳಗಿನ ಎಣ್ಣೆ ರಸಕ್ಕೆ ಇಳಿದು ಬಾಯಿ ಸುಡುತ್ತದೆ, ಚರ್ಮಕ್ಕೂ ಬೊಬ್ಬೆ ಬರುತ್ತದೆ. ಹಳೆಯ ಬಟ್ಟೆ ಹಾಕಿಕೊಳ್ಳಿ. ಗೇರುಹಣ್ಣಿನ ಕಲೆ ಹೋಗುವುದಲ್ಲ.

ಸುಮಾರು 16 ಕೆಜಿ ಹಣ್ಣಿನಿಂದ 10 ಲೀಟರ್ ರಸ ಬರುತ್ತದೆ. ತೊಳೆದು, ನಾಲ್ಕು ಹೋಳು ಮಾಡಿ, ಕೈಯಿಂದ ಕಿವುಚಿ ಬಟ್ಟೆಯಲ್ಲಿ ಹಿಂಡುವುದೇ ಸರಿ. ಮಿಕ್ಸಿಗೆ ಹಾಕಿದರೆ ನಾರು, ಸಿಪ್ಪೆ ಎಲ್ಲ ಪುಡಿಯಾಗಿ ಒಗರು ಇನ್ನೂ ಹೆಚ್ಚುತ್ತದೆ. ಪಾತ್ರೆ ಸ್ಟೀಲ್, ಗಾಜು ಅಥವಾ ಬರಣಿ ಇರಲಿ. ಕಬ್ಬಿಣ ತಗುಲಿದರೆ ಹಣ್ಣಿನ ಒಗರಿನ ಅಂಶವಾದ ಟ್ಯಾನಿನ್ ಜೊತೆ ಸೇರಿ ರಸ ಕಪ್ಪಾಗುತ್ತದೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಹುಳಿಗೆ ಕರಗುತ್ತವೆ.

ಗೇರುಹಣ್ಣು ತಿಂದಾಗ ಗಂಟಲು ಕೆರೆಯುವುದು ಆ ಟ್ಯಾನಿನ್‌ನಿಂದಲೇ. ಅದನ್ನು ತೆಗೆಯದೆ ಮುಂದೆ ಹೋದರೆ ವಿನೆಗರ್‌ನಲ್ಲೂ ಆ ಒಗರು ಉಳಿಯುತ್ತದೆ. ಅದಕ್ಕೆ ಸಾಬಕ್ಕಿ ಬೇಕು: 10 ಲೀಟರ್ ರಸಕ್ಕೆ 50 ಗ್ರಾಂ. ಪುಡಿ ಮಾಡಿ, ಅರ್ಧ ಲೀಟರ್ ನೀರಿನಲ್ಲಿ ಪಾರದರ್ಶಕ ಗಂಜಿಯಾಗುವ ತನಕ ಕಾಯಿಸಿ, ಪೂರ್ತಿ ಆರಿಸಿ, ರಸಕ್ಕೆ ಸುರಿದು ಚೆನ್ನಾಗಿ ಕಲಕಿ. ಆಮೇಲೆ ಅಲ್ಲಾಡಿಸದೆ ರಾತ್ರಿಯಿಡೀ ಬಿಡಿ. ಗಂಜಿ ಟ್ಯಾನಿನ್ನನ್ನು ಹಿಡಿದು ಮೋಡದಂತೆ ತಳಕ್ಕೆ ಕೂರುತ್ತದೆ, ಮೇಲೆ ತಿಳಿಹಳದಿ ರಸ ನಿಲ್ಲುತ್ತದೆ. ನಾಲಿಗೆಗೆ ಒಂದು ಚಮಚ ಹಾಕಿ ನೋಡಿ; ಇನ್ನೂ ಹಿಡಿದಂತಾದರೆ ತಿಳಿಯನ್ನು ಬಗ್ಗಿಸಿಕೊಂಡು ಅರ್ಧ ಅಳತೆಯ ಗಂಜಿಯಿಂದ ಮತ್ತೊಮ್ಮೆ ಮಾಡಿ. ಕರಾವಳಿಯ ಸೆಕೆಗೆ ಈ ಹೊತ್ತಿನಲ್ಲೇ ರಸ ಹುದುಗಬಹುದು, ಹಾಗಾಗಿ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಡಿ; ಫ್ರಿಜ್‌ನಲ್ಲಿ ಜಾಗವಿದ್ದರೆ ಇನ್ನೂ ಒಳ್ಳೆಯದು. ಜೆಲಾಟಿನ್‌ನಿಂದಲೂ ಈ ಕೆಲಸ ಆಗುತ್ತದೆ, ಆದರೆ ಅದು ಪ್ರಾಣಿಜನ್ಯ. ಸಾಬಕ್ಕಿ ಇದ್ದಾಗ ಅದರ ಅಗತ್ಯವೇ ಇಲ್ಲ.

ತಿಳಿರಸ ಸುಮಾರು 9 ಲೀಟರ್ ಉಳಿಯುತ್ತದೆ. ಅದರಲ್ಲಿ ಸಾಮಾನ್ಯವಾಗಿ ನೂರಕ್ಕೆ 10–12 ಭಾಗ ಸಕ್ಕರೆ ಇರುತ್ತದೆ. ಒಂದು ಲೀಟರಿಗೆ 17 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು 1% ಆಲ್ಕೋಹಾಲ್; 1% ಆಲ್ಕೋಹಾಲ್ ಹುಳಿಯಾದಾಗ ಹೆಚ್ಚೆಂದರೆ 1% ಆಮ್ಲ, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಉಪ್ಪಿನಕಾಯಿಗೆ ಬರುವಂಥ 5% ಹುಳಿ ಬೇಕಾದರೆ 7–8% ಆಲ್ಕೋಹಾಲ್ ಆಗಲೇಬೇಕು. ಅದಕ್ಕೆ ಈ 9 ಲೀಟರಿಗೆ ಒಟ್ಟು 270 ಗ್ರಾಂ ಸಕ್ಕರೆ ಸೇರಿಸಿ. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದರೆ 1.055ರಿಂದ 1.060ರ ನಡುವೆ ನಿಲ್ಲಿಸಿ. ಬೆಲ್ಲ ಬೇಡ: ಬಣ್ಣ ಕಂದಾಗುತ್ತದೆ, ಹಣ್ಣಿನ ಪರಿಮಳವೂ ಮುಚ್ಚಿಹೋಗುತ್ತದೆ. ಸಕ್ಕರೆ ಇನ್ನೂ ಸುರಿದರೆ ಹುಳಿ ಹೆಚ್ಚೀತು ಎಂದುಕೊಳ್ಳಬೇಡಿ, ಆಲ್ಕೋಹಾಲ್ 10% ದಾಟಿದರೆ ಅಸಿಟಿಕ್ ಬ್ಯಾಕ್ಟೀರಿಯಾ ಮಂಕಾಗುತ್ತದೆ.

ರಸವನ್ನು 75 ಡಿಗ್ರಿಗೆ ಬಿಸಿ ಮಾಡಿ ಐದು ನಿಮಿಷ ಅಲ್ಲೇ ಹಿಡಿಯಿರಿ, ಕುದಿಸಬೇಡಿ. ಸಿಪ್ಪೆಯ ಮೇಲಿನ ಕಾಡು ಯೀಸ್ಟ್, ಬ್ಯಾಕ್ಟೀರಿಯಾ ಇದರಿಂದ ಅಡಗುತ್ತವೆ. ಶರಬತ್ತಿಗೆ ಹಾಕುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಇಲ್ಲಿ ಹಾಕಬಾರದು, ಮುಂದೆ ನಮಗೆ ಬೇಕಾದ ಬ್ಯಾಕ್ಟೀರಿಯಾಕ್ಕೂ ಅದು ವಿಷ. ರಸ 30 ಡಿಗ್ರಿಗೆ ಇಳಿದ ಮೇಲೆ, 5 ಗ್ರಾಂ ಡ್ರೈ ಯೀಸ್ಟನ್ನು ಅರ್ಧ ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿ ಸೇರಿಸಿ. ಬೇಕರಿಯ ಯೀಸ್ಟ್ ನಡೆಯುತ್ತದೆ. ವೈನ್ ಯೀಸ್ಟ್ ಸಿಕ್ಕರೆ ಪರಿಮಳ ಹಸನಾಗಿರುತ್ತದೆ.

ಹುದುಗುವಾಗ ನೊರೆ ಏರುವುದರಿಂದ 9 ಲೀಟರಿಗೆ 12–15 ಲೀಟರಿನ ಆಹಾರದರ್ಜೆಯ ಕ್ಯಾನ್ ಬೇಕು. ಮುಚ್ಚಳಕ್ಕೆ ತೂತು ಕೊರೆದು ಅಕ್ವೇರಿಯಂನ ಸಣ್ಣ ಪೈಪು ಬಿಗಿಯಾಗಿ ತೂರಿಸಿ, ಸುತ್ತಲಿನ ಸಂದಿಗೆ ಮೇಣ ಹಚ್ಚಿ, ಇನ್ನೊಂದು ತುದಿಯನ್ನು ನೀರು ತುಂಬಿದ ಬಾಟಲಿಯಲ್ಲಿ ಮುಳುಗಿಸಿ. ಒಳಗಿನ ಅನಿಲ ಗುಳ್ಳೆಯಾಗಿ ಹೊರಬರುತ್ತದೆ, ಹೊರಗಿನ ಗಾಳಿ ಒಳಹೋಗದು. ಕ್ಯಾನನ್ನು ಪೂರ್ತಿ ಬಿಗಿದು ಮುಚ್ಚಿದರೆ ಒತ್ತಡಕ್ಕೆ ಸಿಡಿಯುತ್ತದೆ.

ಏಪ್ರಿಲ್ ತಿಂಗಳ ಕಾರವಾರದಲ್ಲಿ ಮನೆಯೊಳಗೇ 33–34 ಡಿಗ್ರಿ ಏರುತ್ತದೆ, ಹುದುಗುವ ರಸದ ಸ್ವಂತ ಬಿಸಿಯೂ ಸೇರಿದರೆ ಯೀಸ್ಟ್ ಬಳಲುತ್ತದೆ. ಕ್ಯಾನನ್ನು ನೀರಿನ ಟಬ್ಬಿನಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿ, ಬಟ್ಟೆಯ ಅಂಚು ನೀರಿನಲ್ಲಿ ಇರುವಂತೆ ನೋಡಿಕೊಳ್ಳಿ. ಘಟ್ಟದ ಮೇಲಿನ ಶಿರಸಿಯವರಿಗೆ ಈ ಕಷ್ಟ ಕಡಿಮೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಯೀಸ್ಟ್ ಸೊರಗಿದೆ ಎಂದರ್ಥ; ತಂಪಿಗೆ ಸರಿಸಿ, ಹೆಚ್ಚಿನ ಸಲ ಹುದುಗು ಮುಗಿಯುವಾಗ ವಾಸನೆಯೂ ಹೋಗಿರುತ್ತದೆ. 24 ಗಂಟೆಯೊಳಗೆ ಗುಳ್ಳೆ ಶುರುವಾಗಿ 7–10 ದಿನಕ್ಕೆ ನಿಲ್ಲಬೇಕು. ಹೈಡ್ರೋಮೀಟರ್ 1.000ಕ್ಕೆ ಇಳಿದು ಎರಡು ದಿನ ಕದಲದಿದ್ದರೆ ಮೊದಲ ಹಂತ ಮುಗಿಯಿತು. ಮಡ್ಡಿ ಅಲುಗದಂತೆ ಪೈಪಿನಿಂದ ಎಳೆದುಕೊಳ್ಳಿ.

ಎರಡನೇ ಹಂತಕ್ಕೆ ತಾಯಿ, ಅಂದರೆ ಜೀವಂತ ಅಸಿಟಿಕ್ ಬ್ಯಾಕ್ಟೀರಿಯಾ ಇರುವ ಹೆಪ್ಪು ಬೇಕು. ಅಂಗಡಿಯಲ್ಲಿ ‘ಮದರ್’ ಇರುವ, ಸೋಸದ ಸೇಬಿನ ಸೈಡರ್ ವಿನೆಗರ್ ಸಿಗುತ್ತದೆ; ಬಿಳಿಯ ಸಿಂಥೆಟಿಕ್ ವಿನೆಗರ್‌ನಲ್ಲಿ ಜೀವವಿಲ್ಲ, ಅದು ಪ್ರಯೋಜನಕ್ಕೆ ಬಾರದು. 500 ಮಿಲೀ ತಾಯಿಗೆ 2 ಲೀಟರ್ ಹುದುಗಿದ ರಸ ಸೇರಿಸಿ ಅಗಲ ಬಾಯಿಯ ಬರಣಿಯಲ್ಲಿಡಿ. ಉಳಿದ ರಸವನ್ನು ಕಂಠದ ತನಕ ತುಂಬುವಂಥ ಚಿಕ್ಕ ಕ್ಯಾನ್‌ಗಳಿಗೆ ಹಾಕಿ ಅದೇ ನೀರಿನ ಪೈಪಿನೊಂದಿಗೆ ಹಾಗೇ ಇಟ್ಟುಕೊಳ್ಳಿ. ಎರಡು-ಮೂರು ವಾರಕ್ಕೆ ಬರಣಿಯ ಮೇಲೆ ತೆಳ್ಳನೆಯ ಮಸುಕು ಪೊರೆ ಕಟ್ಟಿ ಚುರುಕು ಹುಳಿ ವಾಸನೆ ಬಂದಾಗ ಉಳಿದ ರಸವನ್ನು ಅದಕ್ಕೆ ಹಂಚಿ. ಒಮ್ಮೆಗೇ ಎಲ್ಲ ಸುರಿದರೆ ಹುಳಿ ತೆಳುವಾಗಿ ಬೂಸಲು ಮೊದಲು ಹತ್ತುತ್ತದೆ.

ಬರಣಿ ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ. ಆಳ ಕಡಿಮೆ, ಬಾಯಿ ಅಗಲ ಇದ್ದಷ್ಟೂ ಕೆಲಸ ಬೇಗ. ಬಾಯಿಗೆ ಹಳೆಯ ಮಲ್‌ಮಲ್ ಪಂಚೆಯನ್ನು ಎರಡು ಮಡಿಕೆ ಮಾಡಿ ದಾರ ಬಿಗಿದು ಕಟ್ಟಿ. ಹಣ್ಣಿನ ನೊಣ ಒಂದು ನುಸುಳಿದರೂ ಒಳಗೆ ಹುಳವಾಗುತ್ತದೆ. ಇರುವೆಗೆ ತಟ್ಟೆಯಲ್ಲಿ ನೀರಿಟ್ಟು ಅದರ ನಡುವೆ ಬರಣಿ ಇಡಿ. ಅಡುಗೆಮನೆಯ ಮೂಲೆಯ 28–32 ಡಿಗ್ರಿ ಶಾಖ ಇದಕ್ಕೆ ಹೇಳಿಮಾಡಿಸಿದ್ದು. ಪೊರೆ ನಯವಾಗಿ, ಲೋಳೆಯಂತಿದ್ದರೆ ಅದೇ ತಾಯಿ. ಒಣಗಿದಂತೆ ಸುಕ್ಕುಗಟ್ಟಿದ ಬಿಳಿ ಪದರ ಕಾಡು ಯೀಸ್ಟ್‌ನದು, ತೆಗೆದುಹಾಕಿ. ಹಸಿರು ಅಥವಾ ಕಪ್ಪು ಬೂಸಲು ಕೂದಲೆದ್ದಿದ್ದರೆ ಇಡೀ ಬರಣಿಯನ್ನು ಚೆಲ್ಲಬೇಕು. ನೈಲ್ ಪಾಲಿಶ್ ವಾಸನೆ ಬಂದರೆ ಹೆದರಬೇಡಿ. ಆಲ್ಕೋಹಾಲ್ ಇನ್ನೂ ಉಳಿದಿದೆ, ಕಾದರೆ ಹೋಗುತ್ತದೆ. ಪೂರ್ತಿ ಹುಳಿಯಾಗಲು 4ರಿಂದ 6 ವಾರ. ಮಳೆ ಹಿಡಿದ ಮೇಲೆ ಬೂಸಲಿನ ಕಾಟ ವಿಪರೀತವಾದ್ದರಿಂದ, ಜೂನ್ ನಡುವಿಗೆ ಬಾಟಲಿ ತುಂಬಬೇಕೆಂದರೆ ಹಣ್ಣು ಆಯುವ ಕೆಲಸ ಏಪ್ರಿಲ್ ಮೊದಲ ವಾರ ದಾಟಬಾರದು.

ಹುಳಿ ಎಷ್ಟಿದೆ ಎಂದು ನಾಲಿಗೆಯಿಂದ ಹೇಳಲಾಗದು, ಪಿಎಚ್ ಕಾಗದದಿಂದಲೂ ಆಗದು. ಪಿಯು ಕಾಲೇಜಿನ ಪ್ರಯೋಗಾಲಯದಲ್ಲಿರುವ ಬ್ಯುರೆಟ್, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್, ಫೀನಾಲ್ಫ್ತಲೀನ್ ಸಾಕು. ಪರಿಚಯದ ಉಪನ್ಯಾಸಕರಿದ್ದರೆ ಅವರ ಕೈಯಲ್ಲೇ ಮಾಡಿಸಿ. 2 ಮಿಲೀ ವಿನೆಗರ್‌ಗೆ 20 ಮಿಲೀ ನೀರು, ಫೀನಾಲ್ಫ್ತಲೀನ್ ಹನಿ ಬೆರೆಸಿ, ತಿಳಿಗುಲಾಬಿ ಬಣ್ಣ ನಿಲ್ಲುವ ತನಕ ಬ್ಯುರೆಟ್‌ನಿಂದ ಆ ಸೋಡಿಯಂ ಹೈಡ್ರಾಕ್ಸೈಡ್ ಕ್ಷಾರ ಇಳಿಸಿ. ಬಳಸಿದ ಮಿಲೀಯನ್ನು 0.3ರಿಂದ ಗುಣಿಸಿದರೆ ಆಮ್ಲದ ಶೇಕಡಾ ಪ್ರಮಾಣ. 16.7 ಮಿಲೀ ಹಿಡಿದರೆ 5%. ಹುದುಗಿಸಿದ ವಿನೆಗರ್‌ಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೇಳುವ ಕನಿಷ್ಠ ಮಟ್ಟ 3.75%. ಐದಕ್ಕಿಂತ ಕಡಿಮೆ ಇದ್ದರೆ ಸಾರಿಗೆ, ಮೀನಿಗೆ, ಕೋಸಂಬರಿಗೆ ಬಳಸಿ. ವರ್ಷಗಟ್ಟಲೆ ಇಡುವ ಉಪ್ಪಿನಕಾಯಿಗೆ ಬೇಡ.

ಅಳತೆ ಸಿಕ್ಕಿತೆಂದರೆ ತಡಮಾಡಬಾರದು. ಆಲ್ಕೋಹಾಲ್ ಮುಗಿದ ಮೇಲೂ ಗಾಳಿ ಸಿಗುತ್ತಿದ್ದರೆ ಅದೇ ಬ್ಯಾಕ್ಟೀರಿಯಾ ತಾನು ಮಾಡಿದ ಆಮ್ಲವನ್ನೇ ತಿಂದು ನೀರು ಮಾಡುತ್ತದೆ, ತಿಂಗಳು ಕಾದ ವಿನೆಗರ್ ಸಪ್ಪೆಯಾಗುತ್ತದೆ. ದಪ್ಪ ಬಟ್ಟೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಗಳಿಗೆ ಕತ್ತಿನ ತನಕ ತುಂಬಿ. ಅಗಲ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ ಬಾಟಲಿ ನಿಲ್ಲಿಸಿ, ಮುಚ್ಚಳ ಸಡಿಲವಾಗಿಟ್ಟು, ತಣ್ಣೀರಿನಿಂದಲೇ ಶುರುಮಾಡಿ. ತಣ್ಣನೆಯ ಬಾಟಲಿಯನ್ನು ಬಿಸಿನೀರಿಗೆ ಇಟ್ಟರೆ ಗಾಜು ಸೀಳುತ್ತದೆ. ಒಳಗಿನ ವಿನೆಗರ್ 70 ಡಿಗ್ರಿ ಮುಟ್ಟಿ 20 ನಿಮಿಷ ಕಳೆದ ಮೇಲೆ ಮುಚ್ಚಳ ಬಿಗಿಯಿರಿ. ಮುಚ್ಚಳ ಪ್ಲಾಸ್ಟಿಕ್‌ನದಿರಲಿ, ಬರೀ ತಗಡಿನದು ತುಕ್ಕು ಹಿಡಿಯುತ್ತದೆ. ಬೆಳಕಿಗೆ ಬಣ್ಣ ಕಂದಾಗುವುದರಿಂದ ಕಪಾಟಿನೊಳಗೆ ಇಡಿ.

ಎಲ್ಲ ಬಾಟಲಿಯನ್ನೂ ಬಿಸಿ ಮಾಡಬೇಡಿ. ತಾಯಿಪೊರೆಯ ಒಂದು ತುಂಡನ್ನು ಎರಡು ಲೀಟರ್ ಹಸಿ ವಿನೆಗರ್‌ನಲ್ಲಿ ಮುಳುಗಿಸಿ, ಜಾಡಿಯನ್ನು ಬಟ್ಟೆಯ ಬದಲು ಮುಚ್ಚಳದಿಂದಲೇ ಮುಚ್ಚಿ ತಂಪಿನಲ್ಲಿಡಿ. ಮಾರ್ಚ್‌ನಲ್ಲಿ ಮೊದಲ ಹಣ್ಣು ಬಿದ್ದಾಗ ಅಂಗಡಿಯ ತಾಯಿ ಬೇಕಾಗುವುದಿಲ್ಲ, ಅಷ್ಟೇ ಅಲ್ಲ, 8 ಲೀಟರ್ ರಸಕ್ಕೆ ಒಮ್ಮೆಗೇ ಸೇರಿಸುವಷ್ಟು ತಾಯಿ ಕೈಯಲ್ಲೇ ಇರುವುದರಿಂದ ಮೂರು ವಾರದ ಕಾಯುವಿಕೆಯೂ ಉಳಿಯುತ್ತದೆ.